ದೊಡ್ಡಜ್ಜಿಗೆ ಹೋದ ಕೇಕು

ಮಕ್ಕಳೇ, ಕೇಕು ಬೇಯಿಸುವುದು ಅಂಥ ಕಷ್ಟದ ಕೆಲಸವಲ್ಲ. ಅದಕ್ಕೆ ಚಾಕೊಲೇಟು ಬಳಿಯುವುದೂ ಎರಡು ಮೂರು ಸಲ ಮಾಡಿದರೆ ಕೈಗೆ ಹತ್ತುತ್ತದೆ. ಆದರೆ ಅದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸುವುದಿದೆ ನೋಡಿ, ಅದು ನಿಜವಾದ ಪರೀಕ್ಷೆ. ಕಳೆದ ಮೇ ತಿಂಗಳಲ್ಲಿ ನನಗೂ ನನ್ನ ಮೊಮ್ಮಗಳಿಗೂ ಈ ಪರೀಕ್ಷೆ ಎರಡು ಸಲ ಬಂತು. ಮೊದಲ ಸಲ ಫೇಲಾದೆವು. ಎರಡನೆಯ ಸಲ ಪಾಸಾದೆವು. ಆ ಕಥೆಯನ್ನೇ ಈ ವಾರ ಹೇಳುತ್ತೇನೆ. ಕಥೆಯ ನಡುವೆ ಅಳತೆ, ಲೆಕ್ಕ ಎಲ್ಲ ಬರುತ್ತವೆ. ಬೇಕಾದವರು ಪೆನ್ಸಿಲು ಹಿಡಿದು ಕುಳಿತುಕೊಳ್ಳಿ.

ನಮ್ಮ ಮನೆ ಗುಲ್ವಾಡಿಯಲ್ಲಿ. ಹಿರಿಯ ಓದುಗರಿಗೆ ಈ ಹೆಸರು ಕೇಳಿದ ಕೂಡಲೇ 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾಯರು ನೆನಪಾಗಬಹುದು. ನನ್ನ ಅಕ್ಕನ ಮನೆ ಬ್ರಹ್ಮಾವರದಲ್ಲಿ. ಮೊಮ್ಮಕ್ಕಳೆಲ್ಲ ಅವಳನ್ನು ದೊಡ್ಡಜ್ಜಿ ಎನ್ನುತ್ತಾರೆ. ಅವಳಿಗೆ ಮೇ ತಿಂಗಳಲ್ಲಿ 80 ತುಂಬಿತು. ಅದಕ್ಕೆ ಮೂರು ತಿಂಗಳ ಮೊದಲು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಗಿ ಮನೆಗೆ ಬಂದಿದ್ದರೂ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಅಷ್ಟಮಿ ಬಂದರೆ ನೂರಾರು ಚಕ್ಕುಲಿ ಒತ್ತುತ್ತಿದ್ದ ಕೈ ಅದು. ಫೋನ್ ಮಾಡಿದಾಗಲೆಲ್ಲ, “ನಂಗಿನ್ನ್ ಎಂತದೂ ಎಡಿತಿಲ್ಲೆ ಮಾರಾಯ್ತಿ” ಎಂದು ಒಂದೇ ಮಾತು. ಊಟ ಕಡಿಮೆ, ಮಾತೂ ಕಡಿಮೆ.

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಇದನ್ನು ಕೇಳಿಸಿಕೊಂಡಳು. ಅವಳು ಏಳನೆಯ ತರಗತಿಗೆ ಹೋಗುವವಳು. “ಅಮ್ಮಮ್ಮ, ದೊಡ್ಡಜ್ಜಿಗೆ ಯಾರೂ ಯಾವತ್ತೂ ಬರ್ತ್‌ಡೇ ಕೇಕು ಮಾಡಿಲ್ಲ ಅಲ್ವಾ? ನಾವು ಮಾಡೋಣ” ಎಂದಳು. ನಿಜವೇ. ನಾವು ಚಿಕ್ಕವರಿದ್ದಾಗ ಹುಟ್ಟಿದ ಹಬ್ಬ ಎಂದರೆ ತಲೆಗೆ ಎಣ್ಣೆ, ಒಂದು ಪಾಯಸ, ಅಷ್ಟೇ. ಸರಿ ಎಂದೆ.

ಆ ಮೊದಲ ಕೇಕನ್ನು ನೀವು ನೋಡಬೇಕಿತ್ತು. ಎರಡು ಪದರ. ನಡುವೆ ಕ್ರೀಮು, ಸುತ್ತಲೂ ಕಡೆದ ಬಿಳಿ ಕ್ರೀಮು, ಮೇಲೆ ಚಾಕೊಲೇಟಿನ ಹೂವು, ಹೂವಿನ ನಡುವೆ ದೊಡ್ಡದಾಗಿ ‘80’. ಫೋಟೊ ತೆಗೆದು ಅವಳ ಅಮ್ಮನಿಗೆ ಕಳಿಸಿದ್ದಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಅಳಿಯ ಕಾರು ತೆಗೆದ. ಕೇಕಿನ ಡಬ್ಬಿಯನ್ನು ಮೊಮ್ಮಗಳು ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು. ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ಮಾವಿನಕಟ್ಟೆ ದಾಟಿದೆವು. ಕಂಡ್ಲೂರು ಸೇತುವೆ ದಾಟಿದೆವು. ಬಸ್ರೂರು ಕಳೆದು ಸ್ವಲ್ಪ ದೂರ ಹೋಗಿರಬೇಕು, ಒಂದು ನಾಯಿ ಅಡ್ಡ ಬಂತು. ಅಳಿಯ ಬ್ರೇಕು ಒತ್ತಿದ. ನಾಯಿ ಉಳಿಯಿತು. ಡಬ್ಬಿಯೊಳಗೆ ‘ಧಪ್’ ಎಂದು ಒಂದು ಸದ್ದು ಕೇಳಿತು. ಮೊಮ್ಮಗಳು ಮಾತಾಡಲಿಲ್ಲ. ಬಸ್ರೂರು ಮೂರುಕೈಯಲ್ಲಿ ಹೆದ್ದಾರಿಗೆ ತಿರುಗಿ, ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ದಾಟಿ ಬ್ರಹ್ಮಾವರ ಮುಟ್ಟುವವರೆಗೂ ಅವಳು ಡಬ್ಬಿ ತೆರೆಯಲಿಲ್ಲ.

ಅಕ್ಕನ ಮಂಚದ ಪಕ್ಕ ತೆರೆದಳು. ಮೇಲಿನ ಪದರ ಜಾರಿ ಒಂದು ಬದಿಗೆ ಬಿದ್ದಿತ್ತು. ಕ್ರೀಮು ಕರಗಿ ಗಂಜಿಯಾಗಿತ್ತು. ‘80’ರ ಸೊನ್ನೆ ಡಬ್ಬಿಯ ಗೋಡೆಗೆ ಅಂಟಿತ್ತು. ಉಳಿದದ್ದು ಬರೀ ‘8’. ಮೊಮ್ಮಗಳ ಕಣ್ಣು ತುಂಬಿ ಬಂತು.

ಅಕ್ಕ ಮೊದಲು ಕೇಕನ್ನು ನೋಡಿದಳು, ಆಮೇಲೆ ಹುಡುಗಿಯನ್ನು. “ಮರ್ಕ್ಬೇಡ ಮಗಾ. ಒಳ್ಳೇದೇ ಆಯ್ತ್. ನಂಗೀಗ ಎಂಟೇ ವರ್ಷ!” ಎಂದಳು. ಒಂದು ಚಮಚ ತರಿಸಿ ಅದೇ ಗಂಜಿಯಲ್ಲಿ ಎರಡು ಚಮಚ ತಿಂದಳು. ಮೂರು ತಿಂಗಳಲ್ಲಿ ಅವಳು ನಗೆಯಾಡಿದ್ದು ಅದೇ ಮೊದಲು ಎಂದು ಅವಳ ಸೊಸೆ ಆಮೇಲೆ ನನ್ನ ಹತ್ತಿರ ಹೇಳಿದಳು. ಆದರೆ ಹುಡುಗಿಗೆ ಅದು ಸಮಾಧಾನವಾಗಲಿಲ್ಲ. ಮನೆಗೆ ಬಂದವಳೇ, “ಇನ್ನು ನಾನು ಕೇಕು ಮುಟ್ಟುವುದಿಲ್ಲ” ಎಂದು ಮಲಗಿದಳು.

ಮರುದಿನ ಅವಳ ಅಜ್ಜ ಒಂದು ಕೆಲಸ ಮಾಡಿದರು. ಕಪಾಟಿನಿಂದ ಒಂದು ಚಾಕೊಲೇಟು ತೆಗೆದು ಅವಳ ಅಂಗೈಯಲ್ಲಿಟ್ಟು, “ಮುಷ್ಟಿ ಕಟ್ಟು, ನೂರು ಎಣಿಸು” ಎಂದರು. ಎಣಿಸಿ ತೆರೆದಾಗ ಅಂಗೈಯೆಲ್ಲ ಕಂದು. “ಯಾಕೆ ಕರಗಿತು?” ಎಂದು ಕೇಳಿದರು. ಅಲ್ಲಿಂದ ಪಾಠ ಶುರುವಾಯಿತು.

ನಮ್ಮ ಕರಾವಳಿಯ ಅಡಿಕೆ ತೋಟಗಳಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೊ ಗಿಡ ಇರುವುದನ್ನು ನೀವು ನೋಡಿರಬಹುದು. ಅದರ ಕಾಯಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಒಳಗಿನ ಬಿಳಿ ತಿರುಳು ಮಕ್ಕಳಿಗೂ ಇಷ್ಟ, ಅಳಿಲು ಮಂಗಗಳಿಗೂ ಇಷ್ಟ. ಬೀಜವನ್ನು ಕೆಲವು ದಿನ ರಾಶಿ ಹಾಕಿ ಹುಳಿ ಬರಿಸಿ, ಬಿಸಿಲಿಗೆ ಒಣಗಿಸುತ್ತಾರೆ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರು ವಾರಣಾಶಿ ಸುಬ್ರಾಯ ಭಟ್ಟರು. ಆಮೇಲೆ ಕೊಕ್ಕೊ ಬೀಜದ ಬೆಲೆ ಬಿದ್ದು ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದೇ ಸಂಸ್ಥೆ ಬೀಜ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಅಜ್ಜ ಹುಡುಗಿಯ ಕೈಯಲ್ಲಿಟ್ಟದ್ದು ಅಲ್ಲಿನದೇ ಚಾಕೊಲೇಟು.

ಆ ಬೀಜದಲ್ಲಿ ಅರ್ಧದಷ್ಟು ಕೊಬ್ಬು ಇರುತ್ತದೆ. ಅದಕ್ಕೆ ಕೊಕ್ಕೊ ಬೆಣ್ಣೆ ಎನ್ನುತ್ತಾರೆ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಎಂಬವರ ಕಾರ್ಖಾನೆಯಲ್ಲಿ ಈ ಬೆಣ್ಣೆಯನ್ನು ಒತ್ತಿ ಹಿಂಡಿ ತೆಗೆಯುವ ಯಂತ್ರ ಬಂತು. ಹಿಂಡಿದ ಮೇಲೆ ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಅದೇ ನಾವು ಅಂಗಡಿಯಿಂದ ತರುವ ಕೊಕ್ಕೊ ಪುಡಿ. ಕೊಬ್ಬರಿ ಗಾಣಕ್ಕೆ ಹಾಕಿದರೆ ಎಣ್ಣೆ ಬೇರೆ, ಹಿಂಡಿ ಬೇರೆ ಆಗುವುದಿಲ್ಲವೇ? ಹಾಗೆಯೇ.

ಈಗ ಮುಖ್ಯ ವಿಷಯ. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನಮ್ಮ ಮೈಯ ಬಿಸಿ 37 ಡಿಗ್ರಿ. ಅದಕ್ಕೇ ಚಾಕೊಲೇಟು ಬಾಯಲ್ಲಿ ಕರಗುತ್ತದೆ, ಅಂಗೈಯಲ್ಲೂ ಕರಗುತ್ತದೆ. ಮೇ ತಿಂಗಳ ನಡುಮಧ್ಯಾಹ್ನ ಕುಂದಾಪುರದ ನೆರಳಿನಲ್ಲೂ ಬಿಸಿ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚು. “ನೀನು ಕೆಟ್ಟದಾಗಿ ಮಾಡಿದ್ದಲ್ಲ ಪುಟ್ಟಿ. ಹನ್ನೊಂದು ಗಂಟೆಯ ಬಿಸಿಲಿಗೆ, 37 ಡಿಗ್ರಿಯ ತೊಡೆಯ ಮೇಲೆ ಕ್ರೀಮನ್ನು ಕೂರಿಸಿದ್ದು ತಪ್ಪಾಯಿತು” ಎಂದರು ಅಜ್ಜ. ಹುಡುಗಿ ಅಂಗೈ ನೆಕ್ಕುತ್ತ ಯೋಚನೆ ಮಾಡಿದಳು.

ನಾನೂ ಯೋಚಿಸಿದೆ. ಕೇರಳದ ತಲಶ್ಶೇರಿಯ ಕಥೆ ನೆನಪಾಯಿತು. ಅಲ್ಲಿ ಮಾಂಬಳ್ಳಿ ಬಾಪು ಎಂಬವರ ಬಿಸ್ಕತ್ತು ಕಾರ್ಖಾನೆ ಇತ್ತು. 1883ರಲ್ಲಿ ಒಬ್ಬ ಇಂಗ್ಲಿಷ್ ತೋಟದ ಸಾಹೇಬ ತನ್ನ ದೇಶದಿಂದ ಬಂದ ಕ್ರಿಸ್‌ಮಸ್ ಕೇಕೊಂದನ್ನು ತಂದು ತೋರಿಸಿ, ಇಂಥದ್ದೇ ಮಾಡಿಕೊಡು ಎಂದನಂತೆ. ಬಾಪು ಮಾಡಿಕೊಟ್ಟರಂತೆ. ಭಾರತದ ಮೊದಲ ಕ್ರಿಸ್‌ಮಸ್ ಕೇಕು ಅದೇ ಎಂದು ಆ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು ಇನ್ನೊಂದು ಮಾತು. ಆ ಮಾದರಿ ಕೇಕು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದೂ ಕೆಟ್ಟಿರಲಿಲ್ಲ! ಯಾಕೆಂದರೆ ಅಂಥ ಕೇಕಿನಲ್ಲಿ ಒಣಹಣ್ಣು, ಸಕ್ಕರೆ ತುಂಬಿರುತ್ತವೆ. ಹಸಿ ಕ್ರೀಮು ಇರುವುದಿಲ್ಲ. ಅದು ಪ್ರಯಾಣಕ್ಕೆಂದೇ ಹುಟ್ಟಿದ ತಿಂಡಿಯಂತೆ. ನಮ್ಮಲ್ಲಿ ಹಲಸಿನ ಎಲೆಯ ಕೊಟ್ಟೆ ಕಡುಬು ಇಲ್ಲವೇ? ಬೇಯಿಸಿದ ಪಾತ್ರೆಯೂ ಅದೇ, ಹೊತ್ತೊಯ್ಯುವ ಡಬ್ಬಿಯೂ ಅದೇ. ನಮ್ಮ ಹಿರಿಯರು ದಾರಿ ನೋಡಿ ತಿಂಡಿ ಮಾಡುತ್ತಿದ್ದರು. ನಾವು ಫೋಟೊ ನೋಡಿ ಕೇಕು ಮಾಡಿದ್ದೆವು.

ಹಾಗಾಗಿ ಎರಡನೆಯ ಕೇಕಿಗೆ ಮೊದಲು ದಾರಿಯನ್ನು ಲೆಕ್ಕ ಹಾಕಿದೆವು. ಒಂದು ಗಂಟೆಗಿಂತ ಹೆಚ್ಚು ಪ್ರಯಾಣ, ಬಿಸಿಲು, ಉಬ್ಬು, ತಗ್ಗು, ನಾಯಿ. ಇವೆಲ್ಲವನ್ನೂ ತಡೆಯುವ ಕೇಕು ಬೇಕು. ಎರಡು ವಾರದಲ್ಲಿ ನಾಲ್ಕು ಕೇಕು ಮಾಡಿ ನೋಡಿದೆವು. ಅಕ್ಕಪಕ್ಕದ ಮನೆಯ ಮಕ್ಕಳಿಗೆ ಹಬ್ಬವೋ ಹಬ್ಬ. ಕೊನೆಗೆ ನಿಂತ ಲೆಕ್ಕ ಇದು.

ಮೊದಲು ಕೇಕು. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ ಪುಡಿ, ಕಾಲು ಕಪ್ ಕೊಕ್ಕೊ ಪುಡಿ, ಒಂದು ಸಣ್ಣ ಚಮಚ ಅಡುಗೆ ಸೋಡ, ಅರ್ಧ ಸಣ್ಣ ಚಮಚ ಉಪ್ಪು. ಇವನ್ನೆಲ್ಲ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಒಂದು ಕಪ್ ನೀರು, ಕಪ್ಪಿನ ಮೂರನೆಯ ಒಂದು ಭಾಗ ವಾಸನೆ ಇಲ್ಲದ ಎಣ್ಣೆ, ಒಂದು ದೊಡ್ಡ ಚಮಚ ಲಿಂಬೆರಸ, ಒಂದು ಸಣ್ಣ ಚಮಚ ವೆನಿಲಾ. ಎರಡನ್ನೂ ಕೂಡಿಸಿ ಗಂಟಿಲ್ಲದಂತೆ ಕಲಸಿ. ಹೆಚ್ಚು ಹೊತ್ತು ತಿರುವಬೇಡಿ, ಕೇಕು ಗಟ್ಟಿಯಾಗುತ್ತದೆ. ಮೊಟ್ಟೆ ಬೇಡ, ಹಾಲು ಬೇಡ. ಲಿಂಬೆಯ ಹುಳಿ ಸೋಡಕ್ಕೆ ತಾಗಿದ ಕೂಡಲೇ ಗುಳ್ಳೆ ಏಳುತ್ತದೆ. ಆ ಗಾಳಿಯೇ ಕೇಕನ್ನು ಉಬ್ಬಿಸುವುದು. ಅದು ಹಾರಿಹೋಗುವ ಮೊದಲೇ ಎಣ್ಣೆ ಸವರಿದ 8 ಇಂಚಿನ ತಟ್ಟೆಗೆ ಹೊಯ್ದು ಒಲೆಗೇರಿಸಬೇಕು.

ಓವನ್ ಇದ್ದವರು 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಬೇಯಿಸಿ. ಇಲ್ಲದವರು ದೊಡ್ಡ ದಪ್ಪ ತಳದ ಪಾತ್ರೆಯಲ್ಲಿ ಒಂದೂವರೆ ಕಪ್ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಕೇಕಿನ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಕುಕ್ಕರ್ ಆದರೆ ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದಿರಲೇಬೇಕು, ಒಳಗೆ ನೀರು ಹಾಕಬಾರದು. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು. ಮಕ್ಕಳೇ, ಒಲೆಯ ಕೆಲಸ ದೊಡ್ಡವರದು. ಜರಡಿ ಹಿಡಿಯುವುದು, ಅಳೆಯುವುದು, ಗಡಿಯಾರ ನೋಡುವುದು ನಿಮ್ಮದು.

ಬೆಂದ ಕೇಕು ಪೂರ್ತಿ ತಣ್ಣಗಾಗಲು ಎರಡು ಗಂಟೆಯಾದರೂ ಬೇಕು. ನಮ್ಮ ಎರಡನೆಯ ಪ್ರಯೋಗ ಕೆಟ್ಟದ್ದೇ ಇಲ್ಲಿ. ಮೇಲೆ ತಣ್ಣಗಿತ್ತು, ಹೊಟ್ಟೆಯೊಳಗೆ ಬಿಸಿ ಇತ್ತು. ಬಳಿದ ಚಾಕೊಲೇಟು ಅಂಗಳಕ್ಕೆ ಇಳಿದ ಮಳೆನೀರಿನ ಹಾಗೆ ಹರಿಯಿತು.

ತಣ್ಣಗಾದ ಕೇಕನ್ನು ಎರಡು ಪದರ ಮಾಡಲು ಚಾಕು ಬೇಡ. ಹೊಲಿಗೆಯ ಗಟ್ಟಿ ದಾರವನ್ನು ಕೇಕಿನ ನಡುವಿಗೆ ಸುತ್ತಿ, ಎರಡು ತುದಿಗಳನ್ನು ಅಡ್ಡ ಹಾಯಿಸಿ ನಿಧಾನವಾಗಿ ಎಳೆಯಿರಿ. ಸಮನಾಗಿ ಎರಡಾಗುತ್ತದೆ. ಇದನ್ನು ಮೊಮ್ಮಗಳು ನನಗಿಂತ ಚೆನ್ನಾಗಿ ಮಾಡಿದಳು.

ಇನ್ನು ಬಳಿಯುವ ಚಾಕೊಲೇಟು. ಕಡೆದ ಕ್ರೀಮನ್ನು ಈ ಸಲ ಬಿಟ್ಟೆವು. ಅದರ ಬದಲು ಗನಾಶ್ ಮಾಡಿದೆವು. ಹೆಸರು ದೊಡ್ಡದು, ಕೆಲಸ ಸಣ್ಣದು. ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಬಟ್ಟಲಲ್ಲಿಡಿ. ಕ್ರೀಮನ್ನು ಬಿಸಿ ಮಾಡಿ, ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಿ ಚಾಕೊಲೇಟಿನ ಮೇಲೆ ಹೊಯ್ಯಿರಿ. ಎರಡು ನಿಮಿಷ ಮುಟ್ಟಬೇಡಿ. ಆಮೇಲೆ ನಡುವಿನಿಂದ ನಿಧಾನವಾಗಿ ತಿರುವಿದರೆ ಹೊಳೆಯುವ ಕಪ್ಪು ಮುದ್ದೆಯಾಗುತ್ತದೆ. ತಂಪು ಊರಿನವರು ಚಾಕೊಲೇಟೂ ಕ್ರೀಮೂ ಸಮಸಮ ಹಾಕುತ್ತಾರೆ. ನಮ್ಮ ಸೆಕೆಗೆ ಚಾಕೊಲೇಟು ಎರಡು ಪಾಲು, ಕ್ರೀಮು ಒಂದು ಪಾಲು ಬೇಕು. ನಾವು ಹಾಕಿದ್ದು 300 ಗ್ರಾಂ ಚಾಕೊಲೇಟು, 150 ಮಿಲಿಲೀಟರ್ ಕ್ರೀಮು. ಕಾಂಪೌಂಡ್ ಎಂದು ಮಾರುವ ಅಡುಗೆ ಚಾಕೊಲೇಟಿನಲ್ಲಿ ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ರುಚಿ ಒಂದು ಕೂದಲು ಕಡಿಮೆ. ಆದರೆ ಬಿಸಿಗೆ ಸ್ವಲ್ಪ ಹೆಚ್ಚು ತಡೆಯುತ್ತದೆ. ಪ್ರಯಾಣದ ಕೇಕಿಗೆ ಅದೇ ಇರಲಿ. ಗನಾಶ್ ಆರಿ ಬೆಣ್ಣೆಯಷ್ಟು ಗಟ್ಟಿಯಾದ ಮೇಲೆ ಬಳಿಯಬೇಕು.

ಬಳಿಯುವುದಕ್ಕೂ ಒಂದು ಕ್ರಮ ಇದೆ. ಕೇಕನ್ನು ಇಡಲು ನಾವು ಗಟ್ಟಿ ಅಡಿಕೆ ಹಾಳೆಯ ಚಪ್ಪಟೆ ತಟ್ಟೆ ತಂದೆವು. ತಟ್ಟೆಯ ನಡುವೆ ಒಂದು ಚಮಚ ಗನಾಶ್ ಹಚ್ಚಿ ಅದರ ಮೇಲೆ ಕೇಕು ಕೂರಿಸಿದೆವು. ಗೋಡೆಗೆ ಇಟ್ಟಿಗೆ ಹಿಡಿಸಲು ಗಾರೆ ಹಾಕುವುದಿಲ್ಲವೇ, ಹಾಗೆ. ಇನ್ನು ಅದು ಜಾರುವುದಿಲ್ಲ. ನಡುವೆ ಒಂದು ಪದರ ಬಳಿದು ಮೇಲಿನ ತುಂಡು ಇಟ್ಟು, ಎರಡನ್ನೂ ಸೇರಿಸಿ ನಾಲ್ಕು ಕಡೆ ದಪ್ಪ ಕಾಗದದ ಸ್ಟ್ರಾ ಇಳಿಸಿ, ಮೇಲೆ ಉಳಿದ ತುದಿ ಕತ್ತರಿಸಿದೆವು. ಬ್ರೇಕು ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವುದು ಗೊತ್ತಲ್ಲ? ನ್ಯೂಟನ್ ಹೇಳಿದ ಜಡತ್ವ ಅದು. ಕೇಕಿನ ಮೇಲಿನ ಪದರಕ್ಕೂ ಅದೇ ನಿಯಮ. ಬಸ್ಸಿನಲ್ಲಿ ನಮಗೆ ಕಂಬಿ ಇರುತ್ತದೆ, ಕೇಕಿಗೆ ಈ ಸ್ಟ್ರಾಗಳೇ ಕಂಬಿ. ಎಷ್ಟು ಚುಚ್ಚಿದ್ದೀರಿ ಎಂದು ಬರೆದಿಡಿ. ತಿನ್ನುವ ಮೊದಲು ಅಷ್ಟನ್ನೂ ಎಣಿಸಿ ತೆಗೆಯಬೇಕು.

ಆಮೇಲೆ ಸುತ್ತಲೂ ತೆಳ್ಳಗೆ ಒಂದು ಕೈ ಬಳಿಯಿರಿ. ಇದು ಚೆನ್ನಾಗಿ ಕಾಣಬೇಕೆಂದಿಲ್ಲ, ಪುಡಿ ಏಳದಂತೆ ಹಿಡಿದುಕೊಂಡರೆ ಸಾಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಎರಡನೆಯ ಕೈ ದಪ್ಪಗೆ ಬಳಿಯಿರಿ. ಗೋಡೆಗೆ ಸುಣ್ಣ ಹೊಡೆಯುವವರು ಎರಡು ಕೈ ಹೊಡೆಯುವುದು ಸುಮ್ಮನೆ ಅಲ್ಲ. ತೊಳೆದು ಒರಸಿದ ಸ್ಟೀಲ್ ಅಡ್ಡಪಟ್ಟಿಯನ್ನು ಬಿಸಿನೀರಿಗೆ ಅದ್ದಿ ಒರಸಿ ಎಳೆದರೆ ಕನ್ನಡಿಯಂತೆ ನುಣುಪಾಗುತ್ತದೆ. ನುಣುಪು ಬಾರದಿದ್ದರೆ ಚಿಂತೆ ಬೇಡ, ಫೋರ್ಕಿನಿಂದ ಗೆರೆ ಎಳೆದುಬಿಡಿ. ಅದೂ ಒಂದು ಅಲಂಕಾರವೇ.

ಅಲಂಕಾರಕ್ಕೆ ಹುಡುಗಿ ಒಂದು ಉಪಾಯ ಮಾಡಿದಳು. ಹಿತ್ತಿಲ ವೀಳ್ಯದೆಲೆಯನ್ನು ತೊಳೆದು ಚೆನ್ನಾಗಿ ಒರಸಿ, ನರ ಎದ್ದು ಕಾಣುವ ಹಿಂಬದಿಗೆ ಕರಗಿದ ಚಾಕೊಲೇಟು ಹಚ್ಚಿ ಫ್ರಿಜ್ಜಿನಲ್ಲಿಟ್ಟಳು. ಗಟ್ಟಿಯಾದ ಮೇಲೆ ಎಲೆಯನ್ನು ಸುಲಿದರೆ ನರ ನರವೂ ಮೂಡಿದ ಚಾಕೊಲೇಟಿನ ಎಲೆ! ಎಷ್ಟು ಚಂದ ಬಂತೆಂದರೆ ಅಜ್ಜ, “ಸುಣ್ಣ ಅಡಿಕೆ ಎಲ್ಲಿ?” ಎಂದು ಕೇಳಿದರು. ಒಂದು ಎಚ್ಚರಿಕೆ: ಹಿತ್ತಿಲಲ್ಲಿ ಸಿಕ್ಕಿದ ಹೂವನ್ನೆಲ್ಲ ಕೇಕಿಗೆ ಚುಚ್ಚಬಾರದು. ಕಣಗಿಲೆ ನೋಡಲು ಚಂದ, ಆದರೆ ವಿಷ. ತಿನ್ನುವ ಎಲೆ, ತಿನ್ನುವ ಹೂವು ಮಾತ್ರ ಕೇಕಿನ ಹತ್ತಿರ ಬರಲಿ.

ಫ್ರಿಜ್ಜಿನ ವಿಷಯದಲ್ಲೂ ಒಂದು ಪೆಟ್ಟು ತಿಂದೆವು. ಮೂರನೆಯ ಕೇಕನ್ನು ರಾತ್ರಿ ತೆರೆದೇ ಇಟ್ಟಿದ್ದೆವು. ಅದರ ಕೆಳಗಿನ ಅಂತಸ್ತಿನಲ್ಲಿ ಹಲಸಿನ ತೊಳೆ ಇತ್ತು. ಬೆಳಿಗ್ಗೆ ಚಾಕೊಲೇಟು ಕೇಕು ಹಲಸಿನ ಕೇಕಾಗಿತ್ತು. ಬೆಣ್ಣೆ, ಚಾಕೊಲೇಟಿನಂಥ ಕೊಬ್ಬಿನ ಪದಾರ್ಥಗಳು ವಾಸನೆಯನ್ನು ಬೇಗ ಹೀರುತ್ತವೆ. ಮೀನು ತಂದ ಥರ್ಮೊಕೋಲ್ ಪೆಟ್ಟಿಗೆಯನ್ನಂತೂ ಎಷ್ಟು ತೊಳೆದರೂ ಕೇಕಿಗೆ ಬಳಸಬೇಡಿ.

ಈಗ ಎರಡನೆಯ ಪ್ರಯಾಣ. ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಆರೂವರೆ. ಬಿಸಿಲು ಏರುವ ಮೊದಲೇ ಹೊರಟೆವು. ಕೇಕು ರಾತ್ರಿಯಿಡೀ ಡಬ್ಬಿಯೊಳಗೆ ಮುಚ್ಚಿಕೊಂಡು ಫ್ರಿಜ್ಜಿನಲ್ಲಿ ಕುಳಿತು ಗಟ್ಟಿಯಾಗಿತ್ತು. ಡಬ್ಬಿ ಕೇಕಿಗಿಂತ ಎರಡು ಇಂಚು ಅಗಲ ಮಾತ್ರ. ಹಾಳೆ ತಟ್ಟೆ ಅದರೊಳಗೆ ಅಲುಗಾಡದಂತೆ ಸರಿಯಾಗಿ ಕೂತಿತ್ತು. ಆ ಡಬ್ಬಿಯನ್ನು ಹೊಸ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಎರಡು ಬದಿಗೆ ಬಟ್ಟೆ ಸುತ್ತಿದ ಐಸಿನ ಬಾಟಲಿ ಇಟ್ಟೆವು.

ಈ ಸಲ ಅದು ಯಾರ ತೊಡೆಯ ಮೇಲೂ ಕೂರಲಿಲ್ಲ, ಸೀಟಿನ ಮೇಲೂ ಕೂರಲಿಲ್ಲ. ಕಾರಿನ ಸೀಟು ಹಿಂದಕ್ಕೆ ವಾಲಿರುತ್ತದೆ, ಕೇಕೂ ವಾಲುತ್ತದೆ. ಡ್ರೈವರಿನ ಪಕ್ಕದ ಸೀಟನ್ನು ಖಾಲಿ ಬಿಟ್ಟು ಅದರ ಮುಂದೆ ಕಾಲಿಡುವ ಜಾಗದಲ್ಲಿ ಪೆಟ್ಟಿಗೆ ಇಟ್ಟೆವು. ಎ.ಸಿ. ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿದ್ದಾಯಿತು. ಪೆಟ್ಟಿಗೆಯ ಅಡಿಗೆ ಏನು ಹಾಕಿದೆವು ಗೊತ್ತೇ? ನಮ್ಮ ಅಮ್ಮ ಬಾವಿಯಿಂದ ಕೊಡ ಹೊತ್ತು ತರುವಾಗ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಿದ್ದಳು. ಬಟ್ಟೆಯನ್ನು ತಿರುಚಿ ಬಳೆಯಂತೆ ಸುತ್ತಿದ್ದು. ಅದರ ಮೇಲೆ ಕೂತ ಕೊಡ ಅಲುಗುತ್ತಿರಲಿಲ್ಲ. ನನ್ನ ಹಳೆಯ ಹತ್ತಿಯ ಸೀರೆಯಿಂದ ಅಂಥದ್ದೇ ದೊಡ್ಡ ಸಿಂಬಿ ಮಾಡಿ, ಸ್ವಲ್ಪ ಒದ್ದೆ ಮಾಡಿ ಅಡಿಗಿಟ್ಟೆವು. ಒದ್ದೆ ಬಟ್ಟೆ ಜಾರುವುದಿಲ್ಲ, ಕುಲುಕನ್ನೂ ನುಂಗುತ್ತದೆ. ಹಿಂದೆ ಕೂತ ಮೊಮ್ಮಗಳು ಪ್ರತಿ ಉಬ್ಬು ಬಂದಾಗಲೂ, “ಅಪ್ಪಾ, ನಿಧಾನ” ಎನ್ನುತ್ತಿದ್ದಳು. ಬಸ್ರೂರಿನ ಹತ್ತಿರ ನಾಯಿ ಸಿಗಲಿಲ್ಲ. ಕೋಟದ ಹತ್ತಿರ ಒಂದು ದನ ಸಿಕ್ಕಿತು. ದಾರಿ ಬಿಡುವವರೆಗೆ ಕಾರು ನಿಲ್ಲಿಸಿ ಕಾದೆವು.

ಕೇಕಿನ ಮೇಲೆ ಅವಳು ಅಂಚಿಗೆ ಎಲೆಗಳನ್ನಷ್ಟೇ ಕೂರಿಸಿದ್ದಳು. ನಡುವೆ ಒಂದು ‘8’ ಬರೆದಿದ್ದಳು. ಪಕ್ಕದ ಜಾಗ ಖಾಲಿ. “ಉಳಿದದ್ದನ್ನು ಅಲ್ಲಿ ಹೋಗಿ ಮಾಡೋಣ. ಇಲ್ಲಿಯೇ ಮಾಡಿದರೆ ತಾನೇ ದಾರಿಯಲ್ಲಿ ಹಾಳಾಗುವುದು?” ಎಂಬುದು ಅವಳ ಲೆಕ್ಕ. ಹೂವಿಗೆ ಬೇಕಾದ ಗನಾಶ್ ಒಂದು ಸ್ಟೀಲ್ ಡಬ್ಬಿಯಲ್ಲಿ ಬೇರೆಯಾಗಿ ಬಂದಿತ್ತು.

ಬ್ರಹ್ಮಾವರ ಮುಟ್ಟಿದ ಕೂಡಲೇ ಎಲ್ಲರಿಗೂ ಡಬ್ಬಿ ತೆರೆಯುವ ಆತುರ. ನಾನು ಬಿಡಲಿಲ್ಲ. ತಣ್ಣಗಿನ ನೀರು ತುಂಬಿದ ಲೋಟದ ಹೊರಗೆ ಬೆವರು ಕೂರುವುದನ್ನು ನೋಡಿದ್ದೀರಲ್ಲ? ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನಂಶ ಹೆಚ್ಚು. ತಣ್ಣಗಿನ ಕೇಕನ್ನು ಥಟ್ಟನೆ ತೆರೆದರೆ ಅದರ ಮೇಲೂ ಬೆವರು ಕೂತು ಹೊಳಪು ಹೋಗುತ್ತದೆ. ಮುಚ್ಚಿದ ಡಬ್ಬಿಯಲ್ಲೇ ಅರ್ಧ ಗಂಟೆ ಬಿಡಬೇಕು. ಅಷ್ಟರಲ್ಲಿ ಎಲ್ಲರೂ ಕಾಫಿ ಕುಡಿದೆವು.

ಆಮೇಲೆ ತೆರೆದೆವು. ಒಂದು ಎಲೆಯೂ ಅಲುಗಿರಲಿಲ್ಲ. ಹುಡುಗಿ ಉಸಿರು ಬಿಟ್ಟದ್ದು ಇಡೀ ಕೋಣೆಗೆ ಕೇಳಿಸಿತು.

ಅಕ್ಕನನ್ನು ದಿಂಬು ಕೊಟ್ಟು ಕೂರಿಸಿ, ಮುಂದೆ ಅಗಲದ ಮಣೆ ಇಟ್ಟು, ಅದರ ಮೇಲೆ ಕೇಕು ಇಟ್ಟೆವು. ಮೊಮ್ಮಗಳು ಬೆಣ್ಣೆ ಕಾಗದವನ್ನು ಸುತ್ತಿ ಪೊಟ್ಟಣ ಮಾಡಲು ಹೊರಟಳು. ಹೂವು ಬಿಡಿಸಲು ಅದರ ತುದಿ ಕತ್ತರಿಸಿ ಗನಾಶ್ ಒತ್ತಬೇಕು. ಕಾಗದ ಎರಡು ಸಲ ಬಿಚ್ಚಿಕೊಂಡಿತು. ಅಕ್ಕ ನೋಡುತ್ತಿದ್ದವಳು, “ತಾ ಇಲ್ಲಿ. ಅಪ್ಪಯ್ಯನ ಅಂಗಡಿಯಲ್ಲಿ ಎಷ್ಟ್ ಪೊಟ್ಣ ಕಟ್ಟಿದ್ದೆ ನಾನು” ಎಂದು ಕಾಗದ ಕಸಿದುಕೊಂಡಳು. ಒಂದೇ ಸುತ್ತು, ತುದಿ ಮಡಚಿದಳು. ಗಟ್ಟಿ ಪೊಟ್ಟಣ.

“ದೊಡ್ಡಜ್ಜಿ, ಸೊನ್ನೆ ನೀವೇ ಬರೀರಿ” ಎಂದಳು ಹುಡುಗಿ.

“ಅಯ್ಯೊ, ಕೈ ನಡುಗ್ತ್. ನಂಗ್ ಎಡಿತಿಲ್ಲೆ.”

“ಮೊದಲು ತಟ್ಟೆಯ ಮೇಲೆ ಬರೀರಿ. ನಾನೂ ಹಾಗೇ ಕಲಿತದ್ದು. ನಾಲ್ಕು ಕೇಕು ಹಾಳು ಮಾಡಿದ್ದೇನೆ ಗೊತ್ತುಂಟಾ?”

ಅಕ್ಕ ತಟ್ಟೆಯ ಮೇಲೆ ಒತ್ತಿದಳು. ಮೊದಲನೆಯದು ಹುಳದ ಹಾಗೆ ಬಂತು. ಎರಡನೆಯದು ಕಡಿದು ಹೋಯಿತು. ಮೂರನೆಯದಕ್ಕೆ ಅವಳು ಬಲಗೈಗೆ ಎಡಗೈ ಆಸರೆ ಕೊಟ್ಟಳು. ಚಕ್ಕುಲಿ ಒತ್ತುವಾಗ ಹೀಗೇ ಹಿಡಿಯುತ್ತಿದ್ದಳು, ನನಗೆ ಚೆನ್ನಾಗಿ ನೆನಪಿದೆ. ಪೊಟ್ಟಣ ಸುತ್ತ ತಿರುಗಿತು. ದುಂಡಗೆ ಒಂದು ಸೊನ್ನೆ. ಹುಡುಗಿ ಸುಮ್ಮನೆ ಕೇಕನ್ನು ಅವಳ ಕೈಯ ಕೆಳಗೆ ಸರಿಸಿದಳು.

‘8’ರ ಪಕ್ಕ ‘0’ ಬಂತು. ಸ್ವಲ್ಪ ಓರೆ. ಯಾರೂ ಸರಿಮಾಡಲು ಹೋಗಲಿಲ್ಲ. ಆಮೇಲೆ ಅಕ್ಕ ಕೇಳದೆಯೇ ಎಲೆಗಳ ನಡುವೆ ಒಂದೊಂದು ಹೂವು ಒತ್ತುತ್ತ ಹೋದಳು. ಒಂಬತ್ತು ಹೂವು ಆಯಿತು. ಡಬ್ಬಿಯ ಗನಾಶ್ ಮುಗಿದಾಗ, “ಇಷ್ಟೇ ತಂದದ್ದಾ?” ಎಂದು ಕೇಳಿದಳು.

ಸ್ಟ್ರಾ ನಾಲ್ಕನ್ನೂ ಎಣಿಸಿ ತೆಗೆದು ಕೇಕು ಕತ್ತರಿಸಿದೆವು. ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಒಂದು ಬೆರಳಿನಷ್ಟು ತುಂಡು. ಉಳಿದದ್ದು ಮಧ್ಯಾಹ್ನದೊಳಗೆ ಖಾಲಿ. ಉಳಿಸುವುದಾದರೆ ಕ್ರೀಮು ಹಾಕಿದ ಕೇಕನ್ನು ನಮ್ಮ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಮುಚ್ಚಿ ಫ್ರಿಜ್ಜಿಗೆ ಸೇರಿಸಿ.

ಅಜ್ಜ ಅಜ್ಜಿಯರೇ, ಮನೆಯ ಮಕ್ಕಳು ಕೇಕು ತಂದಾಗ ನಿಮಗೂ ಒಂದು ಪೊಟ್ಟಣ ಕೇಳಿ. ಮಕ್ಕಳೇ, ಕೇಕು ಒಯ್ಯುವಾಗ ಎಲ್ಲ ಅಲಂಕಾರವನ್ನೂ ಮನೆಯಲ್ಲೇ ಮುಗಿಸಬೇಡಿ. ದಾರಿಗೂ ಅದು ಒಳ್ಳೆಯದು, ಮುಟ್ಟುವ ಮನೆಯಲ್ಲಿ ಕಾದಿರುವವರಿಗೂ ಒಳ್ಳೆಯದು.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಈಗ ವಾಕರ್ ಹಿಡಿದು ಅಡುಗೆಮನೆಯವರೆಗೆ ಹೋಗುತ್ತಾಳಂತೆ. ಅಷ್ಟಮಿಯ ಹೊತ್ತಿಗೆ ಕುರ್ಚಿ ಹಾಕಿಕೊಂಡು ಚಕ್ಕುಲಿ ಒತ್ತುವ ಯೋಚನೆ ಇದೆಯಂತೆ. ಹುಡುಗಿಗೆ ಹೇಳಲು ಒಂದು ಮಾತನ್ನೂ ಕೊಟ್ಟಳು: “ಮುಂದಿನ ವರ್ಷ ಬರೀ ಕೇಕ್ ತಕಂಬಾ. 81 ಪೂರ್ತಿ ನಾನೇ ಬರಿತೆ.”